ಡಿಲನ್‌ನ ಆ ಗಂಟುಮುಖದ ಆಲ್ಬಂ

ಅಮೆರಿಕಕ್ಕೆ ಬಂದ ಮೇಲೆ ನನಗೆ ಅಂಟಿಕೊಂಡ ಚಟ ಎಂದರೆ ಆಲ್ಬಂಗಳಿಗೆ ನಂಬರ್ ಕೊಡುವುದು. ಇಲ್ಲಿ ಹಾಡಿನ ಹುಚ್ಚು ಇರುವ ಇಬ್ಬರು ಸೇರಿದರೆ ಸಾಕು, ಯಾವುದು ಮೇಲೆ, ಯಾವುದು ಕೆಳಗೆ ಎಂಬ ಮಾತು ಶುರುವಾಗುತ್ತದೆ. ನಮ್ಮಲ್ಲಿ ಹಾಗಲ್ಲ. ಒಂದು ಹಾಡು ಯಾವ ಕ್ಯಾಸೆಟ್‌ನದು ಎಂದು ಯಾರು ಕೇಳುತ್ತಾರೆ? ಅದರಲ್ಲೂ ಹೋರಾಟದ ಹಾಡಾದರೆ ಕೇಳುವವರಿಗಿಂತ ಹಾಡುವವರೇ ಜಾಸ್ತಿ. ತಮಟೆ ಬಡಿದು ಒಬ್ಬರು ಒಂದು ಸಾಲು ಎತ್ತಿಕೊಂಡರೆ ಇಡೀ ಜಾಥಾ ದನಿಗೂಡಿಸುತ್ತದೆ.

ಆ ಜಾಥಾದ ಅಳತೆಗೋಲು ಹಿಡಿದು ಅಮೆರಿಕದ ಹಾಡುಗಾರ ಬಾಬ್ ಡಿಲನ್‌ನ ಒಂದು ಆಲ್ಬಂಗೆ ನಾನು ಬಹಳ ವರ್ಷ ಅನ್ಯಾಯ ಮಾಡಿದೆ.

ಡಿಲನ್ ಆಲ್ಬಂಗಳ ನನ್ನ ಪಟ್ಟಿಯಲ್ಲಿ ಮೊದಲನೆಯದು 1975ರ ‘ಬ್ಲಡ್ ಆನ್ ದ ಟ್ರ್ಯಾಕ್ಸ್’. ಅದರಲ್ಲಿ ಅನುಮಾನವೇ ಇಲ್ಲ. ಆಮೇಲೆ 1965ರ ‘ಹೈವೇ 61 ರಿವಿಸಿಟೆಡ್’. ಮೂರನೆಯ ಜಾಗದಲ್ಲಿ ‘ಬ್ಲಾಂಡ್ ಆನ್ ಬ್ಲಾಂಡ್’ ಇತ್ತು. ಈಗ ಅದನ್ನು ಒಂದು ಮೆಟ್ಟಿಲು ಇಳಿಸಿ, 1964ರ ಜನವರಿಯಲ್ಲಿ ಬಂದ ‘ದ ಟೈಮ್ಸ್ ದೇ ಆರ್ ಎ-ಚೇಂಜಿಂಗ್’ ಅನ್ನು ಅಲ್ಲಿ ಕೂರಿಸಿದ್ದೇನೆ.

ಈ ಆಲ್ಬಂನಲ್ಲಿ ನಗುವೇ ಇಲ್ಲ ಎನ್ನುವುದು ಹಳೆಯ ದೂರು. ದೂರು ನಿಜವೇ. ಹತ್ತು ಹಾಡು, ಒಂದು ಗಿಟಾರ್, ಒಂದು ಹಾರ್ಮೋನಿಕಾ, ಮುಖಪುಟದಲ್ಲಿ ಗಂಟುಮುಖ. ಹಿಂದಿನ ವರ್ಷದ ‘ಫ್ರೀವೀಲಿನ್’ ಆಲ್ಬಂನ ತುಂಟತನ ಇಲ್ಲಿ ಹುಡುಕಿದರೂ ಸಿಗುವುದಿಲ್ಲ. ‘ವಿತ್ ಗಾಡ್ ಆನ್ ಅವರ್ ಸೈಡ್’ ಒಂದೊಂದೇ ಯುದ್ಧ ಎಣಿಸುತ್ತಾ ಏಳು ನಿಮಿಷ ಎಳೆಯುತ್ತದೆ. ಮೂರನೇ ಯುದ್ಧದ ಹೊತ್ತಿಗೇ ಹೇಳಬೇಕಾದ್ದು ನಮಗೆ ತಲುಪಿರುತ್ತದೆ, ಅಲ್ವಾ?

ಜಾಥಾದಲ್ಲಿ ಹಾಡಬಹುದಾದದ್ದು ಶೀರ್ಷಿಕೆ ಗೀತೆ ಒಂದೇ. ಹ್ಯಾಟಿ ಕ್ಯಾರಲ್ ಮೇಲಿನ ಹಾಡನ್ನು ಹಾಗೆ ಹಾಡಲು ಬರುವುದೇ ಇಲ್ಲ. ಅದನ್ನು ಒಬ್ಬರೇ ಕೂತು ಕೇಳಬೇಕು. 1963ರ ಫೆಬ್ರವರಿ, ಬಾಲ್ಟಿಮೋರ್‌ನ ಹೋಟೆಲೊಂದರಲ್ಲಿ ಪಾರ್ಟಿ. ಬಡಿಸುತ್ತಿದ್ದ 51 ವರ್ಷದ ಕಪ್ಪು ಹೆಂಗಸು ಹ್ಯಾಟಿಗೆ 24ರ ಶ್ರೀಮಂತ ಬಿಳಿಯನೊಬ್ಬ ಕೈಲಿದ್ದ ಬೆತ್ತದಿಂದ ಹೊಡೆದ. ಮರುದಿನ ಬೆಳಿಗ್ಗೆ ಆಕೆ ತೀರಿಕೊಂಡಳು. ಅವನಿಗೆ ಆರು ತಿಂಗಳ ಶಿಕ್ಷೆ ಆದದ್ದು ಆಗಸ್ಟ್ 28ರಂದು. ಅದೇ ದಿನ ವಾಷಿಂಗ್ಟನ್‌ನಲ್ಲಿ ನಾಗರಿಕ ಹಕ್ಕುಗಳ ದೊಡ್ಡ ಮೆರವಣಿಗೆ ನಡೆದಿತ್ತು. ಡಿಲನ್ ಅಲ್ಲಿ ಹಾಡುತ್ತಿದ್ದ.

ಇಡೀ ಹಾಡಿನಲ್ಲಿ ಇಬ್ಬರ ಬಣ್ಣದ ಮಾತೇ ಬರುವುದಿಲ್ಲ. ಆಕೆ ಸತ್ತಳು ಎಂದಾಗಲೂ, ಅಳಬೇಡಿ, ಇನ್ನೂ ಅಳುವ ಹೊತ್ತು ಬಂದಿಲ್ಲ ಎನ್ನುತ್ತಾನೆ. ಪ್ರತಿ ಸಲವೂ ನಮ್ಮ ಕಣ್ಣೀರನ್ನು ತಡೆಯುತ್ತಾನೆ. ಆರು ತಿಂಗಳು ಎಂಬ ತೀರ್ಪು ಕೇಳಿದ ಮೇಲೆಯೇ, ಈಗ ಅಳಿ ಎನ್ನುತ್ತಾನೆ. ಕೊಲೆಗಾರನ ಮೇಲಿದ್ದ ನನ್ನ ಸಿಟ್ಟು ಆ ಕ್ಷಣದಲ್ಲಿ ನ್ಯಾಯಾಲಯದ ಕಡೆ ತಿರುಗುತ್ತದೆ. ಘೋಷಣೆ ಕೂಗಿ ಇದನ್ನು ಮಾಡಲಾಗದು. ಇಲ್ಲಿ ನಗು ಬಂದಿದ್ದರೆ ಹಾಡೇ ಕೆಡುತ್ತಿತ್ತು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ‘ನಾರ್ತ್ ಕಂಟ್ರಿ ಬ್ಲೂಸ್’. ಡಿಲನ್ ಬೆಳೆದ ಮಿನ್ನೆಸೋಟಾದ ಹಿಬ್ಬಿಂಗ್ ಕಬ್ಬಿಣದ ಅದಿರಿನ ಊರು. ಅಂಥದೇ ಒಂದು ಊರಿನ ಹೆಂಗಸು ತನ್ನ ಕಥೆ ಹೇಳುತ್ತಾಳೆ. ದಕ್ಷಿಣ ಅಮೆರಿಕದಲ್ಲಿ ಕೂಲಿ ಅಗ್ಗ ಎಂದು ಗಣಿ ಮುಚ್ಚುತ್ತದೆ, ಗಂಡ ಹೇಳದೆ ಕೇಳದೆ ಹೊರಟುಹೋಗುತ್ತಾನೆ. ಇದನ್ನು ಕೇಳುವಾಗ 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ ನೆನಪಾಗದೆ ಇರುವುದಿಲ್ಲ. ಹಾಡಿನಲ್ಲಿ ಯಾರಿಗೂ ಬೈಗುಳವಿಲ್ಲ, ಬೇಡಿಕೆಯೂ ಇಲ್ಲ. ಆದರೂ ಇದು ಪ್ರತಿಭಟನೆಯೇ.

ಒಮ್ಮೆ ಫೋನಿನಲ್ಲಿ ಅಮ್ಮನಿಗೆ ಈ ಹಾಡಿನ ಅರ್ಥ ಹೇಳಿದೆ. “ಆಮೇಲೆ ಮಕ್ಕಳು ಏನು ಮಾಡಿದವೋ?” ಎಂದು ಕೇಳಿದಳು. ದೊಡ್ಡವಾದ ಕೂಡಲೇ ಅವೂ ಊರು ಬಿಡುತ್ತವೆ, ಅಲ್ಲಿ ಹಿಡಿದಿಡುವುದು ಏನೂ ಉಳಿದಿಲ್ಲ ಎಂಬಲ್ಲಿಗೆ ಹಾಡು ಮುಗಿಯುತ್ತದೆ. ಅದನ್ನು ಅಮ್ಮನಿಗೆ ಹೇಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.