ಸ್ವ-ಅರಿವಿಗೆ ಹತ್ತು ಅಂಕ

ತನ್ನನ್ನು ತಾನು ಅರಿತುಕೊಳ್ಳಲು ನನ್ನ ಸೋದರಳಿಯನಿಗೆ ಭಾನುವಾರ ರಾತ್ರಿ 11 ಗಂಟೆ 59 ನಿಮಿಷದವರೆಗೆ ಗಡುವು ಇತ್ತು. ತರಗತಿಯ ಕೆಲಸವಾಗಿ, ಸ್ವಭಾವವನ್ನೂ ಅದಕ್ಕೊಗ್ಗುವ ಉದ್ಯೋಗವನ್ನೂ ಹೇಳುವ ಮೂರು ಆನ್‌ಲೈನ್ ಸಮೀಕ್ಷೆಗಳನ್ನು ತುಂಬಿ, ಬಂದ ಫಲಿತಾಂಶಗಳ ಬಗ್ಗೆ 300 ಪದಗಳಿಗೆ ಮೀರದಂತೆ ಚಿಂತನೆ ನಡೆಸಿ ಅಪ್‌ಲೋಡ್ ಮಾಡಿದರೆ ‘ಸ್ವ-ಅರಿವು’ ಎಂಬ ಶೀರ್ಷಿಕೆಯಡಿ 10 ಅಂಕ. ತಡವಾದರೆ ಅರಿವಿನಲ್ಲಿ ದಿನಕ್ಕೊಂದು ಅಂಕ ಕಡಿತ. ಗಡುವಿಗೆ ಇನ್ನೂ ಎರಡು ಗಂಟೆ ಇರುವಾಗ ಅವನು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡ.

47ನೆಯ ಪ್ರಶ್ನೆಯಲ್ಲಿ ಅವನ ಮೌಸು ನಿಂತುಬಿಟ್ಟಿತ್ತು. ‘ಗುಂಪಿನಲ್ಲಿ ಮುಂದಾಳತ್ವ ವಹಿಸುವುದು ನನಗೆ ಇಷ್ಟ’ ಎಂಬ ವಾಕ್ಯದ ಕೆಳಗೆ, ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಕಿಂಚಿತ್ತೂ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ ಐದು ಸೊನ್ನೆಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. “ಯಾವ ಗುಂಪು, ಮಾವ?” ಎಂದು ಅವನು ಕೇಳಿದ. ನ್ಯಾಯವಾದ ಪ್ರಶ್ನೆ. ಹಿಂದಿನ ತಿಂಗಳು ನಾಲ್ವರು ಸೇರಿ ಮಾಡಬೇಕಾಗಿದ್ದ ಪ್ರಾಜೆಕ್ಟಿನಲ್ಲಿ ಮೂವರು ಕಣ್ಮರೆಯಾಗಿ, ಕೊನೆಯ ರಾತ್ರಿ ಇಡೀ ಕೆಲಸ ಇವನ ಕೊರಳಿಗೆ ಬಿದ್ದಿತ್ತು. ಅದನ್ನು ಮುಂದಾಳತ್ವ ಎನ್ನಬೇಕೋ ಬಿಟ್ಟಿ ಚಾಕರಿ ಎನ್ನಬೇಕೋ ಎಂಬ ಸಂದೇಹವನ್ನು ಬರೆಯಲು ಆ ಸೊನ್ನೆಗಳಲ್ಲಿ ಜಾಗವಿರಲಿಲ್ಲ. ಅವನು ಮಧ್ಯದ ಸೊನ್ನೆಯನ್ನು ಒತ್ತಿದ. ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲೈಕರ್ಟ್ 1932ರಲ್ಲಿ ಈ ಐದು ಮೆಟ್ಟಿಲುಗಳ ಏಣಿಯನ್ನು ಜಗತ್ತಿಗೆ ಕೊಟ್ಟಾಗಿನಿಂದ, ಏನು ಹೇಳಬೇಕೆಂದು ತೋಚದವರೆಲ್ಲ ಬಂದು ಕೂರುವ ಜಗಲಿ ಅದೇ.

ಆದರೆ ಜಗಲಿಯಲ್ಲಿ ಕೂತವರನ್ನು ಹಾಗೆಯೇ ಬಿಡುವ ಸಂಪ್ರದಾಯ, ಮನುಷ್ಯರನ್ನು INTJ, ESFP ಎಂಬಂಥ ನಾಲ್ಕಕ್ಷರದ ಬಗೆಗಳಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆಗಿಲ್ಲ. ಒಂದೆರಡು ಉತ್ತರ ಅತ್ತಿತ್ತಲಾದರೆ ಸಾಕು, ನೀವು ಅಂತರ್ಮುಖಿಗಳ ಕೋಣೆಯಿಂದ ಬಹಿರ್ಮುಖಿಗಳ ಕೋಣೆಗೆ ವರ್ಗವಾಗುತ್ತೀರಿ; ಕೆಲವು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಕೊಟ್ಟವರಲ್ಲಿ ಅನೇಕರು ಬೇರೊಬ್ಬರಾಗಿ ಹೊರಬರುವುದನ್ನು ಮನೋವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತಲೇ ಇದ್ದಾರೆ. ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ವಿಚಾರಗಳಿಗೆ ಮನಸೋತು ಇದನ್ನು ಕಟ್ಟಿದವರು ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್ ಎಂಬ ತಾಯಿ-ಮಗಳು. ಇಬ್ಬರೂ ಮನೋವಿಜ್ಞಾನವನ್ನು ವಿಧಿವತ್ತಾಗಿ ಕಲಿತವರಲ್ಲ. ಮಗಳು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದವರು. ಇದನ್ನು ಕುಂದೆಂದು ನಾನು ಹೇಳುತ್ತಿಲ್ಲ. ಕೊನೆಯ ಪುಟದಲ್ಲಿ ‘ಇವನೇ ಅವನು’ ಎಂದು ಬೆರಳು ತೋರಿಸುವ ಕಲೆ ಈ ಕಸುಬಿಗೆ ಬೇಕೇ ಬೇಕು. ರಾಶಿಗಳು ಹನ್ನೆರಡೇ ಇದ್ದವು, ಇಲ್ಲಿ 16 ಬಗೆಗಳಿವೆ. ವಿಜ್ಞಾನವು ಜ್ಯೋತಿಷ್ಯಕ್ಕಿಂತ ಎಷ್ಟು ಮುಂದಿದೆಯೆಂದು ಕೇಳುವವರಿಗೆ ‘ನಾಲ್ಕು’ ಎಂದು ನಿಖರವಾಗಿಯೇ ಉತ್ತರಿಸಬಹುದು. ಇನ್ನೂ ಸೊಗಸಿನ ಸಂಗತಿಯೆಂದರೆ, ಕೆಲಸಕ್ಕೆ ಆಳುಗಳನ್ನು ಆಯ್ದುಕೊಳ್ಳಲು ಈ ಪರೀಕ್ಷೆಯನ್ನು ಬಳಸಕೂಡದೆಂದು ಅದನ್ನು ಮಾರುವವರೇ ಎಚ್ಚರಿಸುತ್ತಾರೆ. ಕೆಲಸ ಕೊಡುವವನು ನೆಚ್ಚಬಾರದ ಕಾಗದವನ್ನು ಕೆಲಸ ಯಾವುದೆಂದು ಹುಡುಕುವ ಹುಡುಗ ನೆಚ್ಚಬೇಕು, ನೆಚ್ಚಿದ್ದೇನೆಂದು 300 ಪದಗಳಲ್ಲಿ ಬರೆದೂ ಕೊಡಬೇಕು.

ಯುವಕರಿಗೆ ದಾರಿ ತೋರಿಸುವ ಈ ಉತ್ಸಾಹ ಹೊಸದಲ್ಲ. 1908ರಲ್ಲಿ ಬಾಸ್ಟನ್‌ನಲ್ಲಿ ವೃತ್ತಿ ಮಾರ್ಗದರ್ಶನದ ಕಚೇರಿ ತೆರೆದ ಫ್ರಾಂಕ್ ಪಾರ್ಸನ್ಸ್, ಬಂದ ತರುಣನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಲೇ ಅವನ ತಲೆಯ ಆಕಾರವನ್ನೂ ಕಿವಿಯ ಹಿಂದೆ ಮುಂದೆ ಅದು ಎಷ್ಟು ಬೆಳೆದಿದೆಯೆಂಬುದನ್ನೂ ಗಮನಿಸುತ್ತಿದ್ದರು. ಯಾರಿಗೆ ಯಾವ ವೃತ್ತಿ ಒಗ್ಗೀತೆಂದು ಅಳೆಯುವ, ಮನೋವಿಜ್ಞಾನಿ ಎಡ್ವರ್ಡ್ ಸ್ಟ್ರಾಂಗ್ ಅವರ ಆಸಕ್ತಿ ಸಮೀಕ್ಷೆಯಲ್ಲಿ ಗಂಡಸರಿಗೆ ನೀಲಿ ಪತ್ರಿಕೆ, ಹೆಂಗಸರಿಗೆ ಗುಲಾಬಿ ಪತ್ರಿಕೆ ಇದ್ದವು. ಅವೆರಡು ಒಂದಾಗಲು 1974 ಬರಬೇಕಾಯಿತು. ಮನೋವಿಜ್ಞಾನಿ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ, ಜನರನ್ನೂ ಕೆಲಸಗಳನ್ನೂ ಹೊಂದಿಸುವ ಆರು ಬಗೆಯ ವಿಂಗಡಣೆಯನ್ನು ಮಾತ್ರ ನಾನು ಅಷ್ಟಾಗಿ ಹಳಿಯಲಾರೆ. ಅದರಿಂದ ಹುಟ್ಟಿದ ಪ್ರಶ್ನಾವಳಿಗಳು ಯಂತ್ರ ಬಿಚ್ಚಿ ಜೋಡಿಸುವುದು ನಿನಗೆ ಇಷ್ಟವೇ ಎಂದು ಕೇಳುತ್ತವೆ. ಇಷ್ಟ ಎಂದರೆ, ಯಂತ್ರದ ಕೆಲಸ ನೋಡು ಎನ್ನುತ್ತವೆ. ಮಾತು ಪ್ರಾಮಾಣಿಕವಾದದ್ದೇ. ನಾವು ಹೇಳಿದ್ದನ್ನೇ ನಮಗೆ ತಿರುಗಿ ಹೇಳಲು ಹನ್ನೆರಡು ಪುಟಗಳ ಬಣ್ಣದ ವರದಿ ಏಕೆ ಬೇಕು ಎಂಬುದಷ್ಟೇ ನನಗೆ ಬಗೆಹರಿದಿಲ್ಲ.

ಹತ್ತೂವರೆಗೆ ಮೂರೂ ಫಲಿತಾಂಶಗಳು ಬಂದವು. ಮೊದಲನೆಯದರ ಪ್ರಕಾರ ನಮ್ಮ ಹುಡುಗ ಏಕಾಂತಪ್ರಿಯ. ಎರಡನೆಯದರ ಪ್ರಕಾರ ಜನರ ನಡುವೆಯೇ ಅರಳುವವನು. ಮೂರನೆಯದು ಇಬ್ಬರಿಗೂ ಅನ್ಯಾಯವಾಗದಂತೆ ಗ್ರಂಥಪಾಲಕ, ಹರಾಜು ಕೂಗುವವನು, ಶವಸಂಸ್ಕಾರದ ವ್ಯವಸ್ಥಾಪಕ ಎಂಬ ಮೂರು ಹುದ್ದೆಗಳನ್ನು ಸೂಚಿಸಿತ್ತು. ಅದರ ಕೆಳಗೆ, ‘ನಿಮ್ಮಲ್ಲಿ ಇನ್ನೂ ಬಳಕೆಯಾಗದ ಅಪಾರ ಸಾಮರ್ಥ್ಯವಿದೆ’ ಎಂಬ ದಪ್ಪಕ್ಷರದ ಸಾಲು. ಅವನು ನಾಚಿ, “ಇದೊಂದು ಮಾತ್ರ ಸರಿಯಾಗಿದೆ ಅನ್ನಿಸುತ್ತೆ, ಮಾವ” ಎಂದ.

ಸರಿ ಅನ್ನಿಸಲೇಬೇಕು. 1948ರಲ್ಲಿ ಬರ್ಟ್ರಾಂ ಫೋರರ್ ಎಂಬ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ಅವರದೇ ಎಂದು ಒಂದೊಂದು ವಿವರಣೆ ಹಂಚಿ, ಅದು ಎಷ್ಟು ಹೊಂದುತ್ತದೆಂದು ಕೇಳಿದರು. ಸರಾಸರಿ 5ಕ್ಕೆ 4.26 ಅಂಕ ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ವಿವರಣೆ. ಅದರ ಬಹುಪಾಲು ಸಾಲುಗಳು ಬೀದಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡವು. ಬಳಕೆಯಾಗದ ಸಾಮರ್ಥ್ಯದ ಮಾತೂ ಅದರಲ್ಲಿತ್ತು.

ಈ ಕತೆಯನ್ನು ನಾನು ಅವನಿಗೆ ಹೇಳಬಾರದಿತ್ತೇನೋ. ಹುಡುಗ ತನ್ನ ಚಿಂತನದಲ್ಲಿ 47ನೆಯ ಪ್ರಶ್ನೆಗೆ ತನಗೆ ಉತ್ತರ ಹೊಳೆಯಲಿಲ್ಲವೆಂದೂ, ಮೂರು ಸಮೀಕ್ಷೆಗಳು ಮೂವರನ್ನು ತೋರಿಸಿದವೆಂದೂ, ತಾನು ಯಾರೆಂದು ತಿಳಿಯಲು ಇನ್ನಷ್ಟು ಕಾಲ ಬೇಕೆಂದೂ ಬರೆದು 11 ಗಂಟೆ 52 ನಿಮಿಷಕ್ಕೆ ಸಲ್ಲಿಸಿದ. ವಾರದ ನಂತರ ಅಂಕ ಬಂತು: ಹತ್ತಕ್ಕೆ ಆರು. ‘ಫಲಿತಾಂಶದೊಂದಿಗೆ ವಿದ್ಯಾರ್ಥಿಯ ಹೊಂದಾಣಿಕೆ ಸಾಲದು’ ಎಂಬ ಷರಾ ಬೇರೆ. ಇವನ ತರಗತಿಯ ಹನ್ನೊಂದು ಮಂದಿ ‘ಈ ಸಮೀಕ್ಷೆ ನನ್ನ ಕಣ್ಣು ತೆರೆಸಿತು’ ಎಂದು ಶುರುವಾಗುವ ಒಂದೇ ಪ್ರಬಂಧವನ್ನು ವಾಟ್ಸಾಪಿನಲ್ಲಿ ಹಂಚಿಕೊಂಡು, ನಡುವಿನ ನಾಲ್ಕು ಅಕ್ಷರಗಳನ್ನು ಮಾತ್ರ ತಮ್ಮ ತಮ್ಮ ಬಗೆಗೆ ತಕ್ಕಂತೆ ಬದಲಿಸಿ ಕಳುಹಿಸಿದ್ದರಂತೆ. ಅವರೆಲ್ಲರಿಗೂ ಹತ್ತಕ್ಕೆ ಹತ್ತು. ಆ ನಾಲ್ಕು ಅಕ್ಷರಗಳನ್ನು ಬದಲಿಸಲು ಮರೆತವನಿಗೂ.