ಯಾವ ಕಪ್ಪು ಸರ್?

ನಾಯಿಗಳ ಊಟದ ಬಗೆಗಿನ ನಿಮ್ಮ ಬರಹದಲ್ಲಿ ಸಣ್ಣ ನಾಯಿಗೆ ದಿನಕ್ಕೆ ಒಂದು ಕಪ್ ಆಹಾರ ಸಾಕು ಎಂದು ಬರೆದಿದ್ದೀರಿ. ಯಾವ ಕಪ್ಪು ಸರ್? ನಮ್ಮ ಮನೆಯಲ್ಲೇ ಮೂರು ಅಳತೆಯ ಕಪ್ಪುಗಳಿವೆ! ನಾವು ಕಲಬುರಗಿಯವರು. ನಮ್ಮ ಪಾಮರೇನಿಯನ್ 5 ಕಿಲೋ ಇದ್ದದ್ದು ಒಂದೇ ವರ್ಷದಲ್ಲಿ 7 ಕಿಲೋ ಆಯಿತು. ಆಮೇಲೆ ಕಪ್ಪು ಬಿಟ್ಟು ಅಡುಗೆಮನೆ ತಕ್ಕಡಿ ಹಿಡಿದೆ.

5 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 300ರಿಂದ 370 ಕ್ಯಾಲೊರಿ ಸಾಕು. ಪ್ಯಾಕೆಟ್ ಒಣ ಆಹಾರವಾದರೆ 80ರಿಂದ 100 ಗ್ರಾಂ, ಅದೂ ಬೆಳಗ್ಗೆ ಸಂಜೆ ಎರಡೂ ಸೇರಿ. ಮರಿಗಳ ಲೆಕ್ಕ ಬೇರೆ, ಅವಕ್ಕೆ ಮೂರ್ನಾಲ್ಕು ಸಲ ಕೊಡಬೇಕು.

ನಮ್ಮಲ್ಲಿ ತೊಂದರೆ ಇದ್ದದ್ದು ರೊಟ್ಟಿಯಲ್ಲಿ. ಆಯಿ ಊಟಕ್ಕೆ ಕೂತಾಗೆಲ್ಲ ಜೋಳದ ರೊಟ್ಟಿ ಚೂರು ಹಾಕುತ್ತಿದ್ದಳು. ಅರ್ಧ ರೊಟ್ಟಿ ಎಂದರೆ ಇಷ್ಟು ಸಣ್ಣ ನಾಯಿಗೆ ದಿನದ ಊಟದ ಸುಮಾರು ಕಾಲುಭಾಗ. ಆಯಿಗೆ ಹೇಳೋರು ಯಾರು? ಕೊನೆಗೆ ನಾನೇ ಅದರ ಊಟ ಕಡಿಮೆ ಮಾಡಿದೆ. ಶೇಂಗಾ ಹಿಂಡಿ (ಚಟ್ನಿಪುಡಿ), ಪಲ್ಯ ಮಾತ್ರ ಬೇಡವೇ ಬೇಡ. ಅವುಗಳಲ್ಲಿ ಹಾಕುವ ಬೆಳ್ಳುಳ್ಳಿ, ಉಳ್ಳಾಗಡ್ಡಿ ನಾಯಿಗೆ ವಿಷ.

ನಾಯಿಯ ತೂಕ ಸರಿಯಿದೆಯೋ ಇಲ್ಲವೋ ತಿಳಿಯಲು ಮೈ ಸವರಿ ನೋಡಿ: ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ನನಗೆ ತೂಕದ ಚಾರ್ಟ್‌ಗಿಂತ ಇದೇ ಸುಲಭ ಅನಿಸುತ್ತದೆ. ಇನ್ನು ನಮ್ಮ ಮೇ ತಿಂಗಳ ಬಿಸಿಲಲ್ಲಿ ಹಗಲು ತಿನ್ನದಿದ್ದರೆ ಸುಮ್ನೆ ಒತ್ತಾಯಿಸಬೇಡಿ. ನೀರು ಜಾಸ್ತಿ ಇಡಿ, ಊಟ ಹೊತ್ತು ಮುಳುಗಿದ ಮೇಲೆ ಹಾಕಿ.