ಲೇಯರ್ ಎಣಿಸುವುದನ್ನು ಇನ್ನಾದರೂ ಬಿಡಿ

ಜಿಐಎಸ್ (ನಕ್ಷೆಗೆ ಮಾಹಿತಿ ಜೋಡಿಸಿಡುವ ಕಂಪ್ಯೂಟರ್ ವ್ಯವಸ್ಥೆ) ಸಾಧನೆಯ ಇನ್ನೊಂದು ವರದಿ ನೋಡಿದೆ. ಇಷ್ಟು ಲೇಯರ್ (ನಕ್ಷೆಯ ಪದರ), ಇಷ್ಟು ಲೈಸೆನ್ಸ್, ಇಷ್ಟು ಜನಕ್ಕೆ ತರಬೇತಿ, ದಿನಕ್ಕೆ ಇಷ್ಟು ಲಾಗಿನ್. ಸಿಟ್ಟು ಬಂತು. ಇದೆಲ್ಲ ಸುರಿದದ್ದರ ಲೆಕ್ಕ. ಕೈಗೆ ದಕ್ಕಿದ್ದರ ಲೆಕ್ಕ ಎಲ್ಲಿ?

ನೀರು ಸರಬರಾಜನ್ನೇ ತಗೊಳ್ಳಿ. ಪೈಪ್ ಒಡೆದಿದೆ. ಯಾವ ವಾಲ್ವ್ ಮುಚ್ಚಬೇಕು, ಮುಚ್ಚಿದರೆ ಯಾವ ಮನೆಗಳಿಗೆ ನೀರು ನಿಲ್ಲುತ್ತದೆ ಅನ್ನುವುದನ್ನು ಜಿಐಎಸ್ ಹೇಳಬೇಕು. ಹಾಗಾದರೆ ಅಳೆಯಬೇಕಾದದ್ದು ದೂರು ಬಂದಾಗಿನಿಂದ ವಾಲ್ವ್ ಮುಚ್ಚುವವರೆಗೆ ಹಿಡಿದ ನಿಮಿಷಗಳನ್ನು. ಅದನ್ನು ಜಿಐಎಸ್ ಬರುವುದಕ್ಕೆ ಮುಂಚೆಯೇ ಮೂರು ತಿಂಗಳಾದರೂ ಬರೆದಿಟ್ಟಿರಬೇಕು. ಹೆಚ್ಚಿನವರು ಎಡವುವುದೇ ಇಲ್ಲಿ. ಹಳೆಯ ಲೆಕ್ಕವೇ ಇಲ್ಲದಿದ್ದರೆ ಹೊಸದನ್ನು ಯಾವುದಕ್ಕೆ ಹೋಲಿಸುತ್ತೀರಿ? ಹೋಲಿಸುವಾಗ ಸರಾಸರಿ ಸಾಲದು, ಮಧ್ಯಾಂಕವನ್ನೂ (ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ನೋಡಿ. ಇಡೀ ರಾತ್ರಿ ಹಿಡಿದ ಒಂದೇ ಒಂದು ಒಡಕು ಸರಾಸರಿಯನ್ನು ಕೆಡಿಸಿಬಿಡುತ್ತದೆ.

ನಿಮಿಷ ಇಳಿಯದಿದ್ದರೆ ಡೇಟಾ ತೆರೆದು ನೋಡಿ. ಪರದೆಯ ಮೇಲೆ ಎರಡು ಪೈಪ್ ಗೆರೆಗಳು ಕೂಡಿದಂತೆ ಕಾಣುತ್ತವೆ. ಜೂಮ್ ಮಾಡುತ್ತಾ ಹೋದರೆ ನಡುವೆ ಕೂದಲೆಳೆಯಷ್ಟು ಸಂದು. ಸ್ನ್ಯಾಪ್ ಆಗಿಲ್ಲ, ಅಂದರೆ ತುದಿಗೆ ತುದಿ ಅಂಟಿಲ್ಲ. ಪೈಪಿನ ಜಾಡು ಹಿಡಿದು ಹೋಗುವ ಟ್ರೇಸ್ ಅಲ್ಲೇ ನಿಲ್ಲುತ್ತದೆ, ವಾಲ್ವ್ ಮತ್ತು ಮನೆಗಳ ಪಟ್ಟಿ ತಪ್ಪಾಗಿ ಬರುತ್ತದೆ. ಜಾಗದ ನಿಖರತೆಗೆ ಕಡಿಮೆಯೆಂದರೆ 20 ವಾಲ್ವ್‌ಗಳನ್ನು ಒಳ್ಳೆಯ ಜಿಪಿಎಸ್‌ನಿಂದ ಅಳೆದು ನಕ್ಷೆಯ ಜೊತೆ ತಾಳೆ ನೋಡಿ. ಡಾಂಬರಿನಡಿ ಹೂತುಹೋದ ವಾಲ್ವ್ ನಕ್ಷೆಯಲ್ಲಿ ಐದು ಮೀಟರ್ ಆಚೆ ಇದ್ದರೆ, ಅಗೆದವರಿಗೆ ಸಿಗುವುದು ಬರಿ ಮಣ್ಣು.

ಆಮೇಲೆ ತಿದ್ದುಪಡಿ. ವಾಲ್ವ್‌ಮನ್ "ಇದು ತುಕ್ಕು ಹಿಡಿದು ಕೂತಿದೆ, ತಿರುಗಲ್ಲ" ಅಂದ ದಿನಕ್ಕೂ ಅದು ಡೇಟಾಬೇಸ್ ಸೇರಿದ ದಿನಕ್ಕೂ ಅಂತರ ಎಷ್ಟು? ನನ್ನ ಮಟ್ಟಿಗೆ ಇದಕ್ಕಿಂತ ಪ್ರಾಮಾಣಿಕ ಅಳತೆ ಇಲ್ಲ. ಹೇಳಿದ್ದು ವಾರಗಟ್ಟಲೆ ನಕ್ಷೆಯಲ್ಲಿ ಕಾಣದಿದ್ದರೆ ಆತ ಮತ್ತೆ ಹೇಳುವುದಿಲ್ಲ.

ಬಳಕೆಯೂ ಯಶಸ್ಸಿನ ಅಳತೆಯೇ, ಮಾಹಿತಿ ವ್ಯವಸ್ಥೆಗಳ ಯಶಸ್ಸನ್ನು ಅಳೆಯುವ 1992ರ ಡಿಲೋನ್-ಮೆಕ್ಲೀನ್ ಮಾದರಿಯಲ್ಲೇ ಇದೆ ಅನ್ನುತ್ತಾರೆ. ಇದೆ, ನಿಜ. ಆದರೆ ಅವರೇ 2003ರಲ್ಲಿ ಅದನ್ನು ಪರಿಷ್ಕರಿಸಿ ನಿವ್ವಳ ಲಾಭವನ್ನು ಸೇರಿಸಿದರು. ಲಾಗಿನ್ ಆಗಲೇಬೇಕು ಅಂತ ಸುತ್ತೋಲೆ ಹೊರಡಿಸಿದ ಕಡೆ ಲಾಗಿನ್ ಸಂಖ್ಯೆ ಸುತ್ತೋಲೆಯ ಯಶಸ್ಸನ್ನಷ್ಟೇ ಹೇಳುತ್ತದೆ. "ಲಾಭವನ್ನು ಹಣದಲ್ಲಿ ಅಳೆಯಲಾಗದು" ಅನ್ನುವ ನೆಪವನ್ನಂತೂ ಒಪ್ಪಲಾರೆ. ಹಣ ಬೇಡ, ನಿಮಿಷ ಎಣಿಸಿ, ಸುಮ್ಮನೆ ಅಗೆದ ಗುಂಡಿ ಎಣಿಸಿ.

ಮುಂದಿನ ವರದಿ ಬರೆಯುವ ಮೊದಲು ಒಂದು ದಿನ ವಾಲ್ವ್‌ಮನ್ ಜೊತೆ ಹೋಗಿ. ಒಡೆದ ಪೈಪಿನ ಮುಂದೆ ನಿಂತಾಗ ಆತ ತೆರೆಯುವುದು ಟ್ಯಾಬ್ಲೆಟ್ಟೋ, ಜೇಬಿನಲ್ಲಿ ಮಡಚಿಟ್ಟ ಹಳೇ ಹಾಳೆಯೋ ನೋಡಿ.